ನೀರಿಗಿಳಿಯುವ ವಾಚಿನ ನಿಯತ್ತು

ದೋಣಿಯ ಅಂಚಿನಲ್ಲಿ ಡೈವರ್ ಒಬ್ಬ ಸಮುದ್ರಕ್ಕೆ ಬೆನ್ನು ಮಾಡಿ ಕೂತಿದ್ದಾನೆ. ಬೆನ್ನ ಮೇಲೆ ಗಾಳಿಯ ಸಿಲಿಂಡರ್, ಬಾಯಲ್ಲಿ ನಳಿಗೆ, ಕಾಲಿಗೆ ರಬ್ಬರಿನ ಈಜುರೆಕ್ಕೆ. ಹಿಮ್ಮುಖವಾಗಿ ನೀರಿಗೆ ಉರುಳುವ ಮೊದಲು ಅವನಿಗೆ ಇನ್ನೊಂದು ಕೆಲಸ ಉಳಿದಿದೆ. ಮಣಿಕಟ್ಟಿನ ವಾಚಿನ ಸುತ್ತ ಇರುವ ಹಲ್ಲು ಹಲ್ಲಾದ ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ಕಟಕಟನೆ ತಿರುಗಿಸುತ್ತಾನೆ. ಬಳೆಯ ಮೇಲಿನ ಹೊಳೆಯುವ ತ್ರಿಕೋನ ನಿಮಿಷದ ಮುಳ್ಳಿನ ನೇರಕ್ಕೆ ಬಂದು ನಿಂತ ಮೇಲೆ ಉರುಳುತ್ತಾನೆ. ಇನ್ನು ಕೆಳಗೆ ಗಂಟೆ ಎಷ್ಟಾಯಿತೆಂದು ಅವನು ನೋಡುವುದಿಲ್ಲ. ತ್ರಿಕೋನದಿಂದ ಮುಳ್ಳು ಎಷ್ಟು ದೂರ ಸರಿದಿದೆ ಎಂಬುದಷ್ಟೇ ಅವನಿಗೆ ಬೇಕು.

ಕಳೆದ ಶತಮಾನದ ಐವತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಲೋಕದ ಎಲ್ಲ ಸಮುದ್ರಗಳಲ್ಲೂ ನಡೆಯುತ್ತಿದ್ದ ದೃಶ್ಯ ಇದು. ಈಗ ಆ ಹಲ್ಲುಬಳೆಯ ವಾಚು ನೀರಿಗಿಂತ ಹೆಚ್ಚಾಗಿ ಮೆಟ್ರೊ ರೈಲಿನಲ್ಲಿ, ಕಚೇರಿಯಲ್ಲಿ, ಮದುವೆ ಮನೆಯಲ್ಲಿ ಕಾಣಿಸುತ್ತದೆ. ಡಯಲಿನ ಮೇಲೆ ‘200 ಮೀಟರ್’ ಎಂದು ಬರೆದಿರುತ್ತದೆ. ಕಟ್ಟಿಕೊಂಡವರಲ್ಲಿ ಬಹುಮಂದಿ ಸೊಂಟದ ಆಳಕ್ಕೂ ಇಳಿದವರಲ್ಲ.

ವಾಚು ಸಂಗ್ರಹಿಸುವವರಿಗೆ ಮಾತ್ರ ಈ ಬಗೆಯ ವಾಚಿನ ಮೇಲೆ ತೀರದ ಪ್ರೀತಿ. ಅದರಲ್ಲೂ ಕಡಿಮೆ ಬೆಲೆಯವುಗಳ ಮೇಲೆ. ಹೊರನೋಟಕ್ಕೆ ಒಂದೇ ಥರ ಕಾಣುವ, ಬೆಲೆಯಲ್ಲೂ ಹೆಚ್ಚು ಅಂತರವಿಲ್ಲದ ಎರಡು ವಾಚುಗಳಲ್ಲಿ ಒಂದನ್ನು ಅವರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನೊಂದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಇದು ಬರೀ ಹುಚ್ಚಲ್ಲ. ಅದರ ಹಿಂದೆ ಒಂದು ನ್ಯಾಯವಿದೆ, ಒಂದಿಷ್ಟು ಪೂರ್ವಗ್ರಹವೂ ಇದೆ.

ಬಳೆ ಒಂದೇ ಕಡೆ ತಿರುಗುವುದೇಕೆ?

ಆಳದಲ್ಲಿ ಒತ್ತಡ ಹೆಚ್ಚಿದಂತೆ ಉಸಿರಾಡುವ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗುತ್ತಾ ಹೋಗುತ್ತದೆ. ಹೆಚ್ಚು ಹೊತ್ತು ಕೆಳಗಿದ್ದು ಸರಕ್ಕನೆ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಹೊರಬೀಳುತ್ತದೆ. ಕೀಲುಗಳಲ್ಲಿ ಸಹಿಸಲಾಗದ ನೋವು, ಕೆಲವೊಮ್ಮೆ ಲಕ್ವ, ಕೆಲವೊಮ್ಮೆ ಸಾವು. ಹಾಗಾಗಿ ಎಷ್ಟು ಆಳದಲ್ಲಿ ಎಷ್ಟು ನಿಮಿಷ ಎಂಬ ಪಟ್ಟಿಯನ್ನು ಡೈವರುಗಳು ಬಾಯಿಪಾಠ ಮಾಡುತ್ತಿದ್ದರು. ಅಮೆರಿಕದ ನೌಕಾಪಡೆಯ ಹಳೆಯ ಪಟ್ಟಿಯ ಪ್ರಕಾರ 60 ಅಡಿ ಆಳದಲ್ಲಿ 60 ನಿಮಿಷ ಇದ್ದು ನೇರ ಮೇಲೆ ಬರಬಹುದು. 100 ಅಡಿಗೆ ಇಳಿದರೆ 25 ನಿಮಿಷ. 130 ಅಡಿಯಲ್ಲಿ ಬರೀ 10 ನಿಮಿಷ.

ಆ ಹತ್ತು ನಿಮಿಷವನ್ನು ಎಣಿಸಿಕೊಡುವುದೇ ಹೊರಬಳೆಯ ಕೆಲಸ. ಕತ್ತಲ ನೀರಲ್ಲಿ, ಚಳಿಗೆ ಮರಗಟ್ಟಿದ ಕೈಯಲ್ಲಿ, ಗಲಿಬಿಲಿಗೊಂಡ ತಲೆಯಲ್ಲಿ ಕೂಡಿ ಕಳೆಯುವ ಲೆಕ್ಕ ಆಗದ ಮಾತು. ಬಳೆ ಒಂದೇ ದಿಕ್ಕಿಗೆ, ಅಂದರೆ ಎಡಕ್ಕೆ ಮಾತ್ರ ತಿರುಗುವುದರ ಹಿಂದೆಯೂ ಪ್ರಾಣದ ಲೆಕ್ಕವೇ ಇದೆ. ಬಂಡೆಗೆ ತಾಗಿ ಅದು ಅಕಸ್ಮಾತ್ ಸರಿದರೂ ಕಳೆದ ಸಮಯ ಇದ್ದುದಕ್ಕಿಂತ ಹೆಚ್ಚೇ ಕಾಣುತ್ತದೆ. ಡೈವರ್ ಬೇಗ ಮೇಲೆ ಬರುತ್ತಾನೆ. ತಪ್ಪಿದರೂ ಜೀವ ಉಳಿಯುವ ಕಡೆಗೇ ತಪ್ಪಲಿ ಎಂದು ಯೋಚಿಸಿ ಮಾಡಿದ ವಸ್ತು ಇದು. ಡೈವ್ ವಾಚಿನ ಬಗ್ಗೆ ಗೌರವ ಹುಟ್ಟಲು ನನಗೆ ಈ ಒಂದು ಸಂಗತಿಯೇ ಸಾಕು.

1953ರ ಫ್ರಾನ್ಸು, 1965ರ ಜಪಾನು

ಈ ರೂಪ ಗಟ್ಟಿಯಾದದ್ದು 1953ರ ಸುಮಾರಿಗೆ. ಸ್ವಿಸ್ ಕಂಪನಿ ಬ್ಲಾಂಪೇನ್‌ನ ಮುಖ್ಯಸ್ಥ ಜಾನ್ ಜಾಕ್ ಫಿಯೆಕ್ಟರ್ ಸ್ವತಃ ಡೈವರ್. ಅದೇ ಹೊತ್ತಿಗೆ ಫ್ರೆಂಚ್ ಸೇನೆಯಲ್ಲಿ ನೀರೊಳಗಿನ ಹೋರಾಟದ ತುಕಡಿ ಕಟ್ಟುತ್ತಿದ್ದ ರೊಬೇರ್ ಮಲೂಬಿಯೆ ಮತ್ತು ಕ್ಲೋದ್ ರಿಫೊ ತಮ್ಮವರಿಗೆ ತಕ್ಕ ವಾಚಿಗಾಗಿ ಹುಡುಕುತ್ತಿದ್ದರು. ಕಪ್ಪು ಡಯಲ್, ದಪ್ಪ ಬಿಳಿ ಗುರುತು, ಕತ್ತಲಲ್ಲಿ ಹೊಳೆಯುವ ಮುಳ್ಳು, ತಿರುಗುವ ಬಳೆ. ಅಲ್ಲಿ ಹುಟ್ಟಿದ ಫಿಫ್ಟಿ ಫ್ಯಾಥಮ್ಸ್ ವಾಚಿಗೆ ಹೆಸರು ಬಂದದ್ದು ಸುಮಾರು 91 ಮೀಟರ್ ಆಳದಿಂದ. ಗಾಳಿ ಉಸಿರಾಡುತ್ತಾ ಮನುಷ್ಯ ಇಳಿಯಬಹುದಾದ ಮಿತಿ ಅಷ್ಟೇ ಎಂದು ಆಗ ನಂಬಿದ್ದರು. ಅದೇ ವರ್ಷ ರೋಲೆಕ್ಸ್ ಸಬ್‌ಮರೀನರ್ ರೂಪುಗೊಂಡಿತು. ಇವತ್ತು ಇವೆರಡರ ಬೆಲೆ ಲಕ್ಷಗಟ್ಟಲೆ ರೂಪಾಯಿ. ಅವು ಈ ಲೇಖನದ ಬಾಗಿಲಾಚೆ ಇರಲಿ.

ನಮಗೆ ಬೇಕಾದ ಕಥೆ ಶುರುವಾಗುವುದು ಪೂರ್ವದಲ್ಲಿ. ಜಪಾನಿನ ಮೊದಲ ಡೈವ್ ವಾಚನ್ನು ಸೀಕೊ 1965ರಲ್ಲಿ ಹೊರತಂದಿತು. 150 ಮೀಟರ್ ಆಳ ತಡೆಯುವ ಆ ವಾಚು ಜಪಾನಿನ ಅಂಟಾರ್ಕ್ಟಿಕಾ ಸಂಶೋಧನಾ ತಂಡಗಳ ಕೈಗೂ ಹೋಯಿತು. ಎರಡು ವರ್ಷದ ನಂತರ ಸೋವಿಯತ್ ಒಕ್ಕೂಟದ ಕಾರ್ಖಾನೆಯೊಂದು ನೀರು ತಡೆಯುವ ಅದೇ ಪ್ರಶ್ನೆಗೆ ಬೇರೆಯದೇ ಉತ್ತರ ಕಂಡುಕೊಂಡಿತು. ಕೆಲಸಗಾರನೂ ಮೀನುಗಾರನೂ ಸಾಮಾನ್ಯ ಸೈನಿಕನೂ ಕೊಳ್ಳಬಹುದಾದ ಡೈವ್ ವಾಚು ಹೀಗೆ ಸಾಧ್ಯವಾಯಿತು.

ಮೀಟರಿನ ಲೆಕ್ಕ

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 200 ಮೀಟರಿನಲ್ಲಿ ಮೂರು ಸೆಂಟಿಮೀಟರ್ ಅಗಲದ ವಾಚಿನ ಗಾಜಿನ ಮೇಲೆ ಬೀಳುವ ಭಾರ 140 ಕಿಲೊಗೂ ಮೇಲೆ. ಮನರಂಜನೆಗಾಗಿ ಡೈವ್ ಮಾಡುವವರಿಗೆ ಹಾಕಿರುವ ಗರಿಷ್ಠ ಮಿತಿ 40 ಮೀಟರ್. ಹಾಗಾದರೆ 200 ಯಾಕೆ? ಉಳಿದದ್ದು ಭರವಸೆಯ ಅಂಚು.

ಇಲ್ಲಿ ಓದುಗರು ಮುಖ್ಯವಾಗಿ ತಿಳಿಯಬೇಕಾದ ವ್ಯತ್ಯಾಸವೊಂದಿದೆ. ಡಯಲಿನ ಮೇಲೆ ‘ವಾಟರ್ ರೆಸಿಸ್ಟ್ 200 ಮೀಟರ್’ ಎಂದಿರುವುದೂ ‘ಡೈವರ್ಸ್ 200 ಮೀಟರ್’ ಎಂದಿರುವುದೂ ಒಂದಲ್ಲ. ಡೈವರ್ಸ್ ಎಂಬ ಮಾತಿನ ಹಿಂದೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕನಿಷ್ಠ 100 ಮೀಟರ್ ತಡೆಯಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು. ವಾಚು ನಡೆಯುತ್ತಿದೆ ಎಂಬುದೂ ಕತ್ತಲಲ್ಲೇ ಗೊತ್ತಾಗಬೇಕು. ಸೆಕೆಂಡಿನ ಮುಳ್ಳಿನ ಮೇಲೂ ಒಂದು ಹೊಳೆಯುವ ಚುಕ್ಕೆ ಇರುವುದು ಅದಕ್ಕೇ. ಉಪ್ಪುನೀರು, ಪೆಟ್ಟು, ಆಯಸ್ಕಾಂತದ ಪರೀಕ್ಷೆಗಳನ್ನು ಗೆಲ್ಲಬೇಕು. 40 ಡಿಗ್ರಿ ಬಿಸಿನೀರಿನಿಂದ 5 ಡಿಗ್ರಿಯ ತಣ್ಣೀರಿಗೆ, ಮತ್ತೆ 40ಕ್ಕೆ ಹಾಕಿದರೂ ಒಳಗೆ ಹನಿ ಕಟ್ಟಬಾರದು. ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚು ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಅದೂ ರಾಶಿಯಿಂದ ಹೆಕ್ಕಿದ ನಾಲ್ಕಾರು ವಾಚಿಗಲ್ಲ, ಹೊರಬೀಳುವ ಒಂದೊಂದು ವಾಚಿಗೂ. ಬರೀ ನೀರುನಿರೋಧಕ ಎನ್ನುವ ವಾಚುಗಳಿಗೆ ಮಾದರಿ ಪರೀಕ್ಷೆ ಸಾಕಾಗುತ್ತದೆ.

‘30 ಮೀಟರ್’ ಎಂದು ಬರೆದ ವಾಚು ಕಟ್ಟಿಕೊಂಡು ಕೆರೆಗೆ ಹಾರಿ ಹಾಳುಮಾಡಿಕೊಂಡವರು ಬಹಳ. ತಯಾರಕರ ವಾಡಿಕೆಯಲ್ಲಿ 30 ಎಂದರೆ ಕೈ ತೊಳೆಯುವಾಗಿನ ಹನಿ, ಮಳೆ. 50 ಎಂದರೆ ಹಗುರ ಈಜು. ಧೈರ್ಯವಾಗಿ ಈಜಲು 100 ಬೇಕು. ಈ ಲೆಕ್ಕವನ್ನು ಅಂಗಡಿಯವರು ಹೇಳುವುದು ಅಪರೂಪ.

ಸೀಕೊ: ಪ್ರೀತಿಯೂ ಮುನಿಸೂ

ಕಡಿಮೆ ಬೆಲೆಯ ಡೈವ್ ವಾಚಿನ ಮಾತು ಯಾವ ದೇಶದಲ್ಲಿ ಶುರುವಾದರೂ ಮೊದಲು ಬರುವ ಹೆಸರು ಸೀಕೊ. ಇದು ಜಾಹೀರಾತು ತಂದ ಹೆಸರಲ್ಲ. 1968ರಲ್ಲಿ ಹಿರೋಷಿಮಾ ಪ್ರಾಂತ್ಯದ ಕುರೆ ಪಟ್ಟಣದ ಡೈವರ್ ಒಬ್ಬ ಕಂಪನಿಗೆ ಕಾಗದ ಬರೆದ. ತಾನು ಕೆಲಸ ಮಾಡುವ 300 ಮೀಟರಿಗೂ ಮೀರಿದ ಆಳದಲ್ಲಿ ನಿಮ್ಮ ವಾಚು ತಾಳುತ್ತಿಲ್ಲ ಎಂಬುದು ದೂರು. ಅಷ್ಟು ಆಳದಲ್ಲಿ ದಿನಗಟ್ಟಲೆ ಇರುವವರು ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತಾರೆ. ಅತಿ ಸಣ್ಣ ಅಣುವಿನ ಆ ಅನಿಲ ವಾಚಿನೊಳಗೆ ನುಸುಳಿ, ಮೇಲೆ ಬರುವಾಗ ಹಿಗ್ಗಿ ಗಾಜನ್ನೇ ಹಾರಿಸುತ್ತಿತ್ತು. ಸ್ವಿಸ್ ಕಂಪನಿಗಳು ಹೀಲಿಯಂ ಹೊರಹೋಗಲು ಕವಾಟ ಇಟ್ಟವು. ಸೀಕೊದ ಎಂಜಿನಿಯರ್ ಇಕುವೊ ತೊಕುನಾಗಾ ಮತ್ತು ತಂಡ ಏಳು ವರ್ಷ ಕೂತು ಹೀಲಿಯಂ ಒಳಗೇ ಬಾರದಂಥ ವಾಚು ಮಾಡಿದರು. 1975ರ ಆ 600 ಮೀಟರ್ ವಾಚು ಜಗತ್ತಿನ ಮೊದಲ ಟೈಟಾನಿಯಂ ಡೈವ್ ವಾಚು. ಡಬ್ಬಿಯಂಥ ಅದರ ಆಕಾರ ನೋಡಿ ಸಂಗ್ರಾಹಕರು ‘ಟ್ಯೂನಾ’ ಎಂದು ಅಡ್ಡಹೆಸರಿಟ್ಟರು. ಒಬ್ಬ ಗ್ರಾಹಕನ ಕಾಗದಕ್ಕೆ ಏಳು ವರ್ಷದ ದುಡಿಮೆಯ ಉತ್ತರ! ಬ್ರಾಂಡಿನ ಮೇಲಿನ ನಂಬಿಕೆ ಇಂಥ ಕಡೆ ಹುಟ್ಟುತ್ತದೆ.

ಅಡ್ಡಹೆಸರು ಅಭಿಮಾನಿಗಳೇ ಇಡುವುದು. ಟರ್ಟಲ್, ಸಮುರಾಯ್, ಮಾನ್‌ಸ್ಟರ್, ಸುಮೊ ಹೀಗೆ ಸಾಲು ಉದ್ದ. 1979ರ ‘ಅಪಾಕಲಿಪ್ಸ್ ನೌ’ ಚಿತ್ರದಲ್ಲಿ ಮಾರ್ಟಿನ್ ಶೀನ್ ಮಾಡಿದ ಕ್ಯಾಪ್ಟನ್ ವಿಲಾರ್ಡ್ ಪಾತ್ರ ಕಟ್ಟಿದ್ದ ಸೀಕೊ ಈಗ ‘ವಿಲಾರ್ಡ್’ ಎಂದೇ ಪ್ರಸಿದ್ಧ. ಗ್ರೀನ್‌ಲೆಂಡಿನಿಂದ ಅಲಾಸ್ಕಾವರೆಗೆ 12,000 ಕಿಲೊಮೀಟರ್ ನಾಯಿಗಾಡಿಯಲ್ಲಿ ಒಂಟಿಯಾಗಿ ಸಾಗಿದ ಸಾಹಸಿ ನವೊಮಿ ಉಯೆಮುರಾ ಕೈಯಲ್ಲೂ ಇದೇ ವಾಚಿತ್ತು.

ಆದರೆ ಜನಸಾಮಾನ್ಯರ ಡೈವ್ ವಾಚು ಎಂದರೆ ಎಸ್‌ಕೆಎಕ್ಸ್007. 1996ರಲ್ಲಿ ಬಂತು. ಡೈವರ್ಸ್ 200 ಮೀಟರ್, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಮಷಿನ್, ಹೊರದೇಶಗಳಲ್ಲಿ ಇನ್ನೂರು ಡಾಲರ್ ಆಸುಪಾಸಿನ ಬೆಲೆ. ಸಮಯ ಹೊಂದಿಸುವ ಗುಂಡಿ ಮಾಮೂಲಿನಂತೆ ಮೂರರ ಹತ್ತಿರ ಇಲ್ಲ, ನಾಲ್ಕರ ಹತ್ತಿರವಿದೆ. ಕೈ ಮಡಚಿದಾಗ ಚುಚ್ಚಬಾರದೆಂದು. ಅದರ ಮಷಿನ್ ಒರಟು. ಕೈಯಿಂದ ಕೀ ಕೊಡಲು ಬಾರದು, ಸಮಯ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲದು. ದಿನಕ್ಕೆ 20 ಸೆಕೆಂಡು ಹಿಂದೆ ಬೀಳಬಹುದು, 40 ಸೆಕೆಂಡು ಮುಂದೆ ಓಡಬಹುದು ಎಂದು ಕಂಪನಿಯೇ ಹೇಳುತ್ತಿತ್ತು. ಆದರೂ ವರ್ಷಗಟ್ಟಲೆ ಸರ್ವಿಸ್ ಕಾಣದೆ ನಡೆದ ವಾಚು ಅದು. ಬಿಡಿಭಾಗ ಧಾರಾಳವಾಗಿ ಸಿಗುತ್ತಿದ್ದುದರಿಂದ ಎಷ್ಟೋ ಹವ್ಯಾಸಿಗಳು ಮೊದಲ ಸಲ ವಾಚು ಬಿಚ್ಚಿ ಜೋಡಿಸಲು ಕಲಿತದ್ದು ಇದರಲ್ಲೇ. ಡಯಲ್ ಬದಲಿಸಿ, ಮುಳ್ಳು ಬದಲಿಸಿ, ಬಳೆ ಬದಲಿಸಿ ತಮ್ಮದೇ ವಾಚು ಮಾಡಿಕೊಂಡರು. ಪ್ರೀತಿ ಬೇರೂರಿದ್ದು ಹಾಗೆ.

2019ರ ಹೊತ್ತಿಗೆ ಸೀಕೊ ಇದನ್ನು ನಿಲ್ಲಿಸಿತು. ಅದೇ ಮೋರೆಯ ಹೊಸ ಸೀಕೊ 5 ಸ್ಪೋರ್ಟ್ಸ್ ಬಂತು. ಮಷಿನ್ ಸುಧಾರಿಸಿತ್ತು, ಆದರೆ ಆಳ 100 ಮೀಟರಿಗೆ ಇಳಿದಿತ್ತು. ತಿರುಪಿ ಬಿಗಿಯುವ ಗುಂಡಿ ಹೋಯಿತು, ಡಯಲಿನಿಂದ ಡೈವರ್ಸ್ ಎಂಬ ಮಾತೂ ಹೋಯಿತು. ಸಂಗ್ರಾಹಕರ ಮುನಿಸು ಇಲ್ಲಿಂದ ಶುರು. ಬಳೆಯ ಗುರುತು ಡಯಲಿನ ಗುರುತಿಗೆ ಸರಿಯಾಗಿ ಕೂರುವುದಿಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಬೆಲೆ ಏರಿಕೆಯ ದೂರೂ ಸೇರಿತು. ಬೆಲೆ ಹೆಚ್ಚಿದ ಮಾದರಿಗಳಲ್ಲೂ ಗೀರು ಬೀಳದ ಸಫೈರ್ ಗಾಜಿನ ಬದಲು ಕಂಪನಿಯ ಹಾರ್ಡ್‌ಲೆಕ್ಸ್ ಗಾಜು ಬರುತ್ತಿದ್ದುದನ್ನು ಅವರು ಸಹಿಸಲಿಲ್ಲ. ಈ ಮುನಿಸು ನ್ಯಾಯವಾದದ್ದೇ. ಇತ್ತ ಹಳೆಯ ಎಸ್‌ಕೆಎಕ್ಸ್ ಈಗ ಹೊಸದಾಗಿದ್ದಾಗಿನ ಬೆಲೆಗಿಂತ ಹೆಚ್ಚಿಗೆ ಕೈ ಬದಲಾಗುತ್ತಿದೆ.

ಕನ್ನಡಿಗರ ಹಳೆಯ ನೆಂಟ

ಸಿಟಿಜನ್ ಹೆಸರು ನಮಗೆ ಹೊಸದಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾದದ್ದು ಇದೇ ಜಪಾನಿ ಕಂಪನಿಯ ತಾಂತ್ರಿಕ ಸಹಕಾರದಲ್ಲಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ತಳದಲ್ಲಿರುವ ತಂದೆಯ ಅಥವಾ ಅಜ್ಜನ ಕೀ ವಾಚಿನ ಮಷಿನ್ ಸಿಟಿಜನ್ ವಂಶದ್ದು.

ಡೈವ್ ವಾಚುಗಳಲ್ಲಿ ಸಿಟಿಜನ್ ಪಡೆದಿರುವ ಗೌರವ ತುಸು ಬೇರೆ ಬಗೆಯದು. ಆಳವನ್ನು ತಾನೇ ಅಳೆದು ತೋರಿಸುವ ಅಕ್ವಾಲ್ಯಾಂಡ್ ವಾಚನ್ನು 1985ರಲ್ಲೇ ಮಾಡಿದ ಕಂಪನಿ ಅದು. ಆಸ್ಟ್ರೇಲಿಯಾದ ಲಾಂಗ್ ರೀಫ್ ಕಡಲತೀರದಲ್ಲಿ 1983ರಲ್ಲಿ ಸಿಕ್ಕ ಸಿಟಿಜನ್ ಡೈವ್ ವಾಚೊಂದರ ಮೈಮೇಲೆಲ್ಲ ಕಡಲಚಿಪ್ಪು ಬೆಳೆದುಕೊಂಡಿತ್ತು. ಒಳಗೆ ಮಷಿನ್ ನಡೆಯುತ್ತಿತ್ತು. ಈ ಸಂಗತಿಯನ್ನು ಸಂಗ್ರಾಹಕರು ಇವತ್ತಿಗೂ ಸಂಭ್ರಮದಿಂದ ಹೇಳಿಕೊಳ್ಳುತ್ತಾರೆ.

ಇವತ್ತಿನ ಪ್ರೊಮಾಸ್ಟರ್ ಸಾಲಿನಲ್ಲಿ ಇಕೊ-ಡ್ರೈವ್ ಮಾದರಿಗಳಿವೆ. ಡಯಲಿನ ಕೆಳಗಿರುವ ಸೌರಕೋಶ ಬೆಳಕಿನಿಂದ ಚಾರ್ಜ್ ಆಗುತ್ತದೆ. ಪೂರ್ತಿ ತುಂಬಿದರೆ ಕತ್ತಲಲ್ಲೂ ಸುಮಾರು ಆರು ತಿಂಗಳು ನಡೆಯುತ್ತದೆ. ಡೈವ್ ವಾಚಿಗೆ ಇದರ ಲಾಭ ಬೇರೆಯೇ ಇದೆ. ಸೆಲ್ ಬದಲಿಸಲೆಂದು ಹಿಂಬದಿ ಮುಚ್ಚಳವನ್ನು ಪದೇ ಪದೇ ತೆಗೆಯಬೇಕಿಲ್ಲ, ಹಾಗಾಗಿ ಒಳಗಿನ ರಬ್ಬರ್ ವಾಷರ್ ಕದಡುವುದಿಲ್ಲ. ತಿಂಗಳಿಗೆ ಹೆಚ್ಚೆಂದರೆ 15 ಸೆಕೆಂಡು ವ್ಯತ್ಯಾಸ. ಡಯಲಿನ ಮೇಲೆ ಡೈವರ್ಸ್ ಎಂಬ ಮಾತೂ ಇದೆ. ನಿಜವಾಗಿ ನೀರಿಗಿಳಿಯುವವರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ಆದರೂ ಸಂಗ್ರಾಹಕರ ಎದೆಯಲ್ಲಿ ಇದಕ್ಕೆ ಸೀಕೊದ ಸ್ಥಾನ ಸಿಕ್ಕಿಲ್ಲ. ಒಳಗೆ ಸ್ಪ್ರಿಂಗಿನ ಮಿಡಿತ ಇಲ್ಲವಲ್ಲ ಎಂಬ ಕೊರಗು ಅವರದು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಜೀವ ಕಾಯಲು ಹುಟ್ಟಿದ ಉಪಕರಣವನ್ನು ಅದು ಎಷ್ಟು ಚೆನ್ನಾಗಿ ಕಾಯುತ್ತದೆ ಎಂಬುದರ ಮೇಲೆ ಅಳೆಯಬೇಕು.

ಕಾಮಾ ನದಿ ದಂಡೆಯ ವೋಸ್ಟಾಕ್

ಇನ್ನು ಈ ಇಡೀ ಗುಂಪಿನಲ್ಲಿ ನನಗೆ ಅತ್ಯಂತ ಇಷ್ಟವಾದ ವಾಚು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮಾಸ್ಕೊ ಹತ್ತಿರ ಬಂದಾಗ ಅಲ್ಲಿನ ವಾಚು ಕಾರ್ಖಾನೆಯೊಂದರ ಯಂತ್ರಗಳನ್ನು ಪೂರ್ವಕ್ಕೆ, ಕಾಮಾ ನದಿ ದಂಡೆಯ ಚಿಸ್ತೊಪೊಲ್ ಪಟ್ಟಣಕ್ಕೆ ಸಾಗಿಸಿದರು. ಯುದ್ಧ ಮುಗಿದರೂ ಕಾರ್ಖಾನೆ ಅಲ್ಲೇ ಉಳಿಯಿತು, ವೋಸ್ಟಾಕ್ ಆಯಿತು. 1967ರಲ್ಲಿ ಅಲ್ಲಿಂದ ಬಂದದ್ದು ಆಂಫಿಬಿಯಾ. ವಿನ್ಯಾಸಕಾರರು ಮಿಖಾಯಿಲ್ ನೊವಿಕೊವ್ ಮತ್ತು ವೇರಾ ಬೆಲೊವಾ.

ನೀರನ್ನು ತಡೆಯಲು ಎಲ್ಲರೂ ಭಾಗಗಳನ್ನು ಇನ್ನಷ್ಟು ನಿಖರವಾಗಿ ಕಡೆದು ಇನ್ನಷ್ಟು ಬಿಗಿಯಾಗಿ ಜೋಡಿಸುತ್ತಿದ್ದರೆ ಇವರಿಬ್ಬರೂ ನೀರಿನ ಒತ್ತಡವನ್ನೇ ಕೆಲಸಕ್ಕೆ ಹಚ್ಚಿದರು. ಆಂಫಿಬಿಯಾದ ಗಾಜು ಗಾಜಲ್ಲ, ದಪ್ಪ ಅಕ್ರಿಲಿಕ್. ಆಳಕ್ಕೆ ಹೋದಂತೆ ಅದು ತುಸು ಬಾಗಿ ಚೌಕಟ್ಟಿಗೆ ಇನ್ನೂ ಒತ್ತಿ ಕೂರುತ್ತದೆ. ಹಿಂಬದಿಯ ಮುಚ್ಚಳ ತಿರುಪಿನದಲ್ಲ. ಅಗಲವಾದ ರಬ್ಬರ್ ವಾಷರಿನ ಮೇಲೆ ಸುಮ್ಮನೆ ಕೂರುವ ತಟ್ಟೆ, ಅದನ್ನು ಹಿಡಿಯಲು ಹೊರಗೆ ಬೇರೆಯೇ ಒಂದು ತಿರುಪು ಉಂಗುರ. ಬಿಗಿಯುವಾಗ ವಾಷರ್ ತಿರುಚಿಕೊಳ್ಳುವುದಿಲ್ಲ, ನೀರು ಹೊರಗಿಂದ ಒತ್ತಿದಷ್ಟೂ ತಟ್ಟೆ ವಾಷರಿಗೆ ಅಂಟುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಆವಿ ಹೆಚ್ಚಿದಂತೆ ಮುಚ್ಚಳ ತಾನೇ ಬಿಗಿಯುತ್ತದಲ್ಲ, ಅದೇ ಉಪಾಯ, ದಿಕ್ಕು ಮಾತ್ರ ತಿರುಗುಮುರುಗು.

ಹೊಸದಾಗಿ ಕೊಂಡವರು ಕೀ ಕೊಡುವ ಗುಂಡಿಯನ್ನು ತಿರುಪಿ ಬಿಚ್ಚಿದ ಕೂಡಲೇ ಗಾಬರಿಯಾಗುತ್ತಾರೆ. ಅದು ಲೊಡಲೊಡ ಅಲ್ಲಾಡುತ್ತದೆ. ಮುರಿದಿಲ್ಲ, ಮಾಡಿದ್ದೇ ಹಾಗೆ. ಗುಂಡಿಗೆ ಬಿದ್ದ ಪೆಟ್ಟು ಒಳಗಿನ ಸಣ್ಣ ಕಡ್ಡಿಗೆ ಮುಟ್ಟಬಾರದೆಂದು. ಬಳೆ ಎರಡೂ ಕಡೆ ತಿರುಗುತ್ತದೆ, ಅದರ ಮೇಲೆ ನಿಮಿಷದ ಅಂಕಿಗಳಿಲ್ಲದೆ ಬರೀ ಚುಕ್ಕೆಗಳಿರುವ ಮಾದರಿಗಳೇ ಹೆಚ್ಚು. ದಿನಕ್ಕೆ ಒಂದು ನಿಮಿಷ ಮುಂದೆ ಓಡಿದರೂ ಕಾರ್ಖಾನೆಯ ಲೆಕ್ಕದಲ್ಲಿ ಅದು ಸರಿಯೇ. ಐಎಸ್‌ಒ ಪಟ್ಟಿ ಹಿಡಿದು ನೋಡಿದರೆ ಆಂಫಿಬಿಯಾ ಫೇಲು. ಅರ್ಧ ಶತಮಾನ ಮೀರಿ ಹೆಚ್ಚು ಬದಲಾಗದೆ ಉಳಿದ, 200 ಮೀಟರ್ ತಡೆಯುವ, ಒಂದು ಕಾಲಕ್ಕೆ ನೂರು ಡಾಲರಿನೊಳಗೆ ಸಿಗುತ್ತಿದ್ದ, ತನ್ನದೇ ಕಾರ್ಖಾನೆಯ ಮಷಿನ್ ಇರುವ ವಾಚು ಎಂದು ನೋಡಿದರೆ ಅದಕ್ಕೆ ಸಾಟಿಯಿಲ್ಲ. ರೋಲೆಕ್ಸ್ ಇರುವ ಸಂಗ್ರಾಹಕರೂ ಪಕ್ಕದಲ್ಲಿ ಒಂದು ಆಂಫಿಬಿಯಾ ಇಟ್ಟುಕೊಂಡಿರುತ್ತಾರೆ. 2004ರ ‘ದಿ ಲೈಫ್ ಅಕ್ವಾಟಿಕ್’ ಚಿತ್ರದಲ್ಲಿ ಬಿಲ್ ಮರ್ರೆ ಕೈಗೆ ಬಂದ ಮೇಲಂತೂ ಅದರ ಅಭಿಮಾನಿಗಳು ಹೆಚ್ಚಿದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದಿಂದ ತರಿಸಿಕೊಳ್ಳುವುದು ಹಲವು ದೇಶಗಳಲ್ಲಿ ಕಷ್ಟವಾಗಿದೆ.

ಓರಿಯಂಟ್, ಕ್ಯಾಸಿಯೊ

ಸೀಕೊ ಎಪ್ಸನ್ ಒಡೆತನದ ಓರಿಯಂಟ್ ಗದ್ದಲ ಮಾಡದ ಕಂಪನಿ. ಅದರ ಕಮಾಸು ಮಾದರಿಯಲ್ಲಿ ಸ್ವಂತ ಮಷಿನ್, ಗೀರು ಬೀಳದ ಸಫೈರ್ ಗಾಜು, ತಿರುಪು ಗುಂಡಿ, 200 ಮೀಟರ್ ಎಲ್ಲವೂ ಇದೆ. ಬೆಲೆ ಸೀಕೊದ ಡೈವ್ ವಾಚಿಗಿಂತ ಸಾಕಷ್ಟು ಕಡಿಮೆ. ಡಯಲಿನ ಮೇಲೆ ಡೈವರ್ಸ್ ಎಂದಿಲ್ಲ, ವಾಟರ್ ರೆಸಿಸ್ಟೆಂಟ್ ಎಂದಷ್ಟೇ ಇದೆ. ಈಜಿಗೆ ಧಾರಾಳ ಸಾಕು. ಮೊದಲ ಆಟೋಮ್ಯಾಟಿಕ್ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ಅನುಭವಿಗಳು ಇದನ್ನೇ ತೋರಿಸುತ್ತಾರೆ.

ಕ್ಯಾಸಿಯೊದ ಡ್ಯುರೊ ಇನ್ನೂ ಅಗ್ಗ. ಅಮೆರಿಕದಲ್ಲಿ ನೂರು ಡಾಲರಿನೊಳಗೆ ಸಿಗುತ್ತದೆ. ಸೆಲ್ ವಾಚು, ತಿರುಪು ಗುಂಡಿ, 200 ಮೀಟರ್, ಡಯಲಿನ ಮೇಲೆ ಪುಟ್ಟ ಮಾರ್ಲಿನ್ ಮೀನು. ಬಿಲ್ ಗೇಟ್ಸ್ ಇದನ್ನು ಕಟ್ಟಿಕೊಂಡಿರುವ ಫೋಟೊಗಳು ಬಂದ ಮೇಲೆ ಜಗತ್ಪ್ರಸಿದ್ಧವಾಯಿತು. ಕತ್ತಲಲ್ಲಿ ಅದರ ಹೊಳಪು ಬೇಗ ಮಂಕಾಗುತ್ತದೆ, ಬೆಲ್ಟು ಸಾಧಾರಣ. ಉಳಿದಂತೆ ದೂರಲು ಏನೂ ಇಲ್ಲ. ಆಟೋಮ್ಯಾಟಿಕ್ ಬಿಟ್ಟು ಬೇರೆ ಮುಟ್ಟದ ಸಂಗ್ರಾಹಕರೂ ಡ್ಯುರೊಗೆ ಮಾತ್ರ ವಿನಾಯಿತಿ ಕೊಡುತ್ತಾರೆ.

ಮಷಿನ್ ಒಂದೇ, ಮರ್ಯಾದೆ ಬೇರೆ

ಸಂಗ್ರಾಹಕರ ತಕ್ಕಡಿ ಅರ್ಥವಾಗಬೇಕಾದರೆ ಇನ್ವಿಕ್ಟಾ ಪ್ರೊ ಡೈವರ್ ನೋಡಬೇಕು. ನೋಟ ರೋಲೆಕ್ಸ್ ಸಬ್‌ಮರೀನರಿನದು. ಆಟೋಮ್ಯಾಟಿಕ್ ಮಾದರಿಯೊಳಗಿರುವ ಮಷಿನ್ ಸೀಕೊದವರು ಬೇರೆ ಕಂಪನಿಗಳಿಗೆ ಮಾರುವ ಎನ್‌ಎಚ್35. ಎಸ್‌ಕೆಎಕ್ಸ್‌ನ ಮಷಿನ್‌ಗಿಂತ ಒಂದು ಕೈ ಮೇಲು. ಕೈಯಿಂದಲೂ ಕೀ ಕೊಡಬಹುದು, ಸೆಕೆಂಡಿನ ಮುಳ್ಳೂ ನಿಲ್ಲುತ್ತದೆ. 200 ಮೀಟರ್, ತಿರುಪು ಗುಂಡಿ, ಕಡಿಮೆ ಬೆಲೆ. ಕಾಗದದ ಮೇಲೆ ಗೆಲ್ಲಬೇಕಾದ ವಾಚು.

ಆದರೂ ಸಂಗ್ರಾಹಕರಲ್ಲಿ ಅದಕ್ಕೆ ಮರ್ಯಾದೆ ಇಲ್ಲ. 1837ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಹೆಸರನ್ನು 1991ರಲ್ಲಿ ಅಮೆರಿಕದಲ್ಲಿ ಎಬ್ಬಿಸಿ ನಿಲ್ಲಿಸಿದ ಕಂಪನಿ ಇದು. ಟಿವಿ ಶಾಪಿಂಗ್ ಚಾನೆಲ್ಲುಗಳಲ್ಲಿ ಬೆಳೆಯಿತು. ಪೆಟ್ಟಿಗೆಯ ಮೇಲೆ ದೊಡ್ಡ ಬೆಲೆ ಬರೆದು, ವರ್ಷವಿಡೀ ಅದರ ಸಣ್ಣ ಪಾಲಿಗೆ ಮಾರುತ್ತಾರೆ ಎಂಬುದೇ ಅದರ ಮೇಲಿನ ಮುಖ್ಯ ಆಕ್ಷೇಪ. ಹಾಗಾದರೆ ನಿಜವಾದ ಬೆಲೆ ಯಾವುದು? ವಾಚಿನ ಪಕ್ಕೆಯ ಮೇಲೆ ದೊಡ್ಡದಾಗಿ ಕೊರೆದ ಹೆಸರನ್ನು ಉಜ್ಜಿ ಅಳಿಸಿಯೇ ಕಟ್ಟಿಕೊಳ್ಳುವವರೂ ಇದ್ದಾರೆ. ವಾಚು ಒಳ್ಳೆಯದು, ಹೆಸರು ಬೇಡ ಎಂಬ ವಿಚಿತ್ರ ಸ್ಥಿತಿ.

ನಕಲಿ ವಾಚಿಗೂ ಇದಕ್ಕೂ ವ್ಯತ್ಯಾಸವಿದೆ. ರೋಲೆಕ್ಸ್ ಎಂದು ಸುಳ್ಳು ಹೆಸರು ಬರೆದರೆ ಅದು ಅಪರಾಧ. ಆಕಾರ ಹೋಲುವಂತೆ ಮಾಡಿ ತನ್ನದೇ ಹೆಸರು ಹಾಕಿಕೊಂಡರೆ ಅದನ್ನು ಸಂಗ್ರಾಹಕರು ಹೋಮೇಜ್ ಎನ್ನುತ್ತಾರೆ. ಪಗಾನಿ ಡಿಸೈನ್, ಸ್ಯಾನ್ ಮಾರ್ಟಿನ್ ಮುಂತಾದ ಚೀನೀ ಬ್ರಾಂಡುಗಳು ಇಂಥ ವಾಚುಗಳಿಂದಲೇ ಹೆಸರು ಮಾಡಿದವು. ಸ್ಯಾನ್ ಮಾರ್ಟಿನ್‌ನ ಉಕ್ಕಿನ ಕೆಲಸ ಎಷ್ಟು ಸೊಗಸೆಂದರೆ ಸೀಕೊ ಅಭಿಮಾನಿಗಳೂ ತಲೆದೂಗುತ್ತಾರೆ. ಆದರೆ ಬೇರೆಯವರ ಮುಖ ಹೊತ್ತಿರುವವರೆಗೆ ಪೂರ್ತಿ ಗೌರವ ಸಿಗುವುದಿಲ್ಲ.

ಇಷ್ಟನ್ನು ಜೋಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಸಂಗ್ರಾಹಕರು ತೂಗುತ್ತಿರುವುದು ಮೀಟರನ್ನಲ್ಲ, ಬೆಲೆಯನ್ನಲ್ಲ, ನಿಯತ್ತನ್ನು. ಒರಟಾದ ವೋಸ್ಟಾಕ್ ತಾನು ಒರಟೆಂದು ಮುಚ್ಚಿಡುವುದಿಲ್ಲ. ಕ್ಯಾಸಿಯೊ ಸ್ವಿಸ್ ಎಂದು ಹೇಳಿಕೊಳ್ಳುವುದಿಲ್ಲ. ಓರಿಯಂಟ್ ಪರೀಕ್ಷೆ ಮಾಡದೆ ಡೈವರ್ಸ್ ಎಂದು ಬರೆದುಕೊಳ್ಳುವುದಿಲ್ಲ. ಸೀಕೊ ಮೇಲಿನ ಮುನಿಸೂ ಹಳೆಯ ಮಾತು ತಪ್ಪಿತಲ್ಲ ಎಂಬ ನೋವಿನದೇ. ಎಚ್‌ಎಂಟಿಯ ಜನತಾ, ಪೈಲಟ್ ವಾಚುಗಳನ್ನು ಇವತ್ತು ಬೇರೆ ದೇಶದವರೂ ಹುಡುಕುತ್ತಿರುವುದಕ್ಕೆ ಕಾರಣವೂ ಇದಕ್ಕಿಂತ ಬೇರೆಯಲ್ಲ.

ಕೊಂಡ ಮೇಲೆ

1983ರಲ್ಲಿ ಡೈವ್ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಆಳ, ಸಮಯ, ಸಾರಜನಕದ ಲೆಕ್ಕವನ್ನೆಲ್ಲ ಈಗ ಅದೇ ನೋಡಿಕೊಳ್ಳುತ್ತದೆ. ವಾಚು ಎರಡನೇ ಭದ್ರತೆಗೆ ಮಾತ್ರ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸ್ಕೂಬಾ ಮಾಡುವವರು ತರಬೇತುದಾರರ ಜೊತೆ ಇಳಿಯುವುದು 12 ಮೀಟರಿನೊಳಗೆ. ಅಲ್ಲಿಗೆ ಇಲ್ಲಿ ಹೇಳಿದ ಯಾವ 200 ಮೀಟರಿನ ವಾಚಾದರೂ ನಡೆಯುತ್ತದೆ, ತಿರುಪು ಗುಂಡಿ ಪೂರ್ತಿ ಬಿಗಿದಿದ್ದರೆ. ಅದನ್ನು ಬಿಗಿಯಲು ಮರೆತದ್ದರಿಂದಲೇ ನೀರು ಹೊಕ್ಕ ವಾಚುಗಳು ಎಷ್ಟೋ.

ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು, ಬಳೆಯನ್ನು ಒಂದೆರಡು ಸುತ್ತು ತಿರುಗಿಸುತ್ತಾ. ಬಳೆಯ ಅಡಿಯಲ್ಲಿ ಒಣಗಿದ ಉಪ್ಪು ಅದನ್ನು ಕಚ್ಚಿ ಹಿಡಿಯುತ್ತದೆ. ಬಿಸಿನೀರು, ಸೋಪು ರಬ್ಬರಿಗೆ ಶತ್ರು. ರಬ್ಬರ್ ವಾಷರಿಗೆ ವಯಸ್ಸಾಗುತ್ತದೆ. ಹಾಗಾಗಿ ಹತ್ತು ವರ್ಷ ಹಳೆಯ 200 ಮೀಟರಿನ ವಾಚನ್ನು ಪರೀಕ್ಷೆ ಮಾಡಿಸದೆ ಈಜುಕೊಳಕ್ಕೂ ಒಯ್ಯಬಾರದು.

ಹಳೆಯ ಸೀಕೊ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಡಯಲಿಗೆ ಹೊಸ ಬಣ್ಣ ಬಳಿದು, ಎಲ್ಲೆಲ್ಲಿಯವೋ ಭಾಗಗಳನ್ನು ಸೇರಿಸಿ ಹೊಳೆಯುವಂತೆ ಮಾಡಿದ ವಾಚುಗಳು ನಮ್ಮ ದೇಶದಿಂದ ಎಷ್ಟು ಹೋಗುತ್ತವೆ ಎಂದರೆ ವಿದೇಶಿ ಸಂಗ್ರಾಹಕರು ಅವಕ್ಕೆ ಮುಂಬೈ ಹೆಸರನ್ನೇ ಅಂಟಿಸಿದ್ದಾರೆ. ಹಳೆಯ ಎಚ್‌ಎಂಟಿಗಳಿಗೂ ಇದೇ ಗತಿಯಾಗುತ್ತಿದೆ. ನಲವತ್ತು ವರ್ಷದ ವಾಚಿನ ಡಯಲ್ ಮಿರಿಮಿರಿ ಮಿಂಚುತ್ತಿದ್ದರೆ, ಗಾಢ ನೀಲಿ, ಹಳದಿ, ಕೆಂಪಿನಲ್ಲಿ ಕಣ್ಣು ಕುಕ್ಕುತ್ತಿದ್ದರೆ ಕೈ ಹಿಂದೆಗೆಯುವುದು ಲೇಸು. ಅಕ್ಷರದ ಅಂಚು ಕದಡಿದೆಯೇ, ಬಳೆ ಕಟಕಟ ಎನ್ನುತ್ತದೆಯೇ, ಗುಂಡಿಯ ತಿರುಪು ಸವೆದಿದೆಯೇ ಎಂದು ನೋಡಬೇಕು. ಮಾರುವವರು ಹಿಂಬದಿ ಮುಚ್ಚಳ ತೆಗೆದು ಮಷಿನ್ ತೋರಿಸಲು ಒಪ್ಪದಿದ್ದರೆ ಆ ವ್ಯಾಪಾರ ಬಿಟ್ಟುಬಿಡಿ. ತೋರಿಸಿದ್ದನ್ನು ಕೊಂಡರೆ, ಮುಚ್ಚಳ ಹಾಕಿಸುವಾಗ ಹೊಸ ವಾಷರ್ ಹಾಕಿಸಿ. ಆಮೇಲೆ ಒತ್ತಡ ಪರೀಕ್ಷೆಯ ಯಂತ್ರವಿರುವ ಸರ್ವಿಸ್ ಸೆಂಟರಿಗೆ ಒಯ್ದು ನೋಡಿಸಿ, ನೀರಿಗಿಳಿಸುವುದು ಅದಾದ ಮೇಲೆ.